ಸಿಗ್ರುನ್ ಬೆರಳೊಳಗಿನ ದುಗ್ನಾಡ್

೧
ಕಥೆಯನ್ನು ಮುಳ್ಳಿನಿಂದ ಶುರು ಮಾಡಲೋ, ಬೆರಳಿನಿಂದಲೋ? (ರಣಕಹಳೆಯಿಂದ ಶುರುವಾಗಿದ್ದ ಡ್ರಾಫ್ಟು ಕಸದಬುಟ್ಟಿಯಲ್ಲಿದೆ. ದೇಹವೇ ಕೋಟೆ, ಬ್ಯಾಕ್ಟೀರಿಯಾವೇ ಶತ್ರು ಎಂದು ಬರೆದು ನನಗೇ ಆಕಳಿಕೆ ಬಂತು.)

೨
ಮುಳ್ಳೇ ಇರಲಿ. ಮೇ ತಿಂಗಳ ಬರ್ಗೆನ್ ನಗರ. ನಮ್ಮ ಕಟ್ಟಡದವರೆಲ್ಲ ಸೇರಿ ಅಂಗಳ ಗುಡಿಸುವ ದುಗ್ನಾಡ್. ಕೂಲಿಯಿಲ್ಲ, ಕೊನೆಗೆ ವಾಫಲ್ ಉಂಟು. ಪಕ್ಕದ ಮನೆಯ ಸಿಗ್ರುನ್‌ಳ ತೋರುಬೆರಳಿಗೆ ಗುಲಾಬಿ ಮುಳ್ಳು ಹೊಕ್ಕಿತು. ಹೋಗಿ ಕೈ ತೊಳೆಯಬಹುದಿತ್ತು. ಆದರೆ ದುಗ್ನಾಡಿನಿಂದ ಅರ್ಧಕ್ಕೆ ಎದ್ದು ಹೋದವರನ್ನು ಇಲ್ಲಿ ಚಳಿಗಾಲದವರೆಗೂ ಆಡಿಕೊಳ್ಳುತ್ತಾರೆ. ಮಣ್ಣುಗೈಯಲ್ಲೇ ಸಂಜೆವರೆಗೂ ಎಲೆ ಬಾಚಿದಳು.

ಈಗ ಬೆರಳು ಕೆಂಪಗೆ ಊದಿದೆ. ನಾಳೆ ರಾಷ್ಟ್ರೀಯ ದಿನದ ಮೆರವಣಿಗೆ. ಆ ಬೆರಳು ಮಡಚದಿದ್ದರೆ ಅವಳು ಟ್ರಂಪೆಟ್ ನುಡಿಸುವಂತಿಲ್ಲ. (ಒಬ್ಬಳೇ ನುಡಿಸುವ ಭಾಗ ಅವಳಿಗೆ ಸಿಕ್ಕಿರುವುದು ಇದೇ ಮೊದಲು.)

"ಬೆಳಿಗ್ಗೆಗೆ ಇಳಿಯೋ ಹಾಗೆ ಬರಿ ಮಾರಾಯ" ಎಂದಳು.

"ಡಾಕ್ಟ್ರಿಗೆ ತೋರ್ಸು."

"ತೋರಿಸ್ದೆ. ಒಳಗಿನೋರು ಕೆಲಸಕ್ಕೆ ಬಂದಿದಾರೆ, ಬಿಸಿನೀರಲ್ಲಿ ಅದ್ದಿ ಕಾಯ್ತಾ ಇರು ಅಂದ್ರು."

೩
ಒಳಗಿನವರೆಂದರೆ, ಮೊದಲು ಚರ್ಮದಡಿಯ ಕಾವಲುಕಣ. (ಸ್ವಭಾವ ನಮ್ಮ ಕಟ್ಟಡದ ಅಧ್ಯಕ್ಷ ಒಡ್ವಾರ್‌ನದೇ.) ಮುಳ್ಳಿನ ಜೊತೆ ಒಳಬಂದ ಬ್ಯಾಕ್ಟೀರಿಯಾಗಳ ಹೆಸರು, ಊರು ಕೇಳಲಿಲ್ಲ, ಮೈಮೇಲಿನ ಹೊದಿಕೆ ಮುಟ್ಟಿ ನೋಡಿತು. ಇಂಥ ಹೊದಿಕೆ ನಮ್ಮವರದಲ್ಲ ಎಂದು ಕೂಗು ಹಾಕಿತು. ರಕ್ತನಾಳ ಹಿಗ್ಗಿತು, ಬೆರಳು ಊದಿತು, ನಾಳದ ಗೋಡೆಯ ಸಂದಿಯಲ್ಲಿ ಬಿಳಿ ರಕ್ತಕಣಗಳು ನುಸುಳಿ ಬಂದವು. ಅವುಗಳಲ್ಲೊಂದು ನನ್ನ ಹಾಳೆಯ ಅಂಚಿನಲ್ಲಿ ನಿಂತಿತು.

"ನೀವೇನಾ ಲೇಖಕ್ರು?"

"ಹೌದು. ಬ್ಯಾಕ್ಟೀರಿಯಾ ಅಲ್ಲಿದೆ, ನುಂಗು."

"ನುಂಗ್ತೀನಿ. ಆಮೇಲೆ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಆಮೇಲೆ ನೀನೂ ಸಾಯ್ತೀಯ. ಕೀವಾಗ್ತೀಯ."

"ವಾಫಲ್ಲೂ ಇಲ್ವಾ?"

೪
ಅಂತ್ಯ ಒಂದು: ಕಣ ಓಡಿಹೋಗುತ್ತದೆ, ಸೋಂಕು ಮೊಣಕೈಗೆ ಏರುತ್ತದೆ. (ಸಿಗ್ರುನ್ ಈ ಹಾಳೆ ಹರಿದಳು.)

ಅಂತ್ಯ ಎರಡು: ಒಂದು ಮಾತ್ರೆ ಬಂದು ಎಲ್ಲರನ್ನೂ ಉಳಿಸುತ್ತದೆ. (ಇದನ್ನು ಕಣವೇ ಹರಿಯಿತು. "ನಾವಿಷ್ಟು ಜನ ಬಂದಿರೋದು ತಮಾಷೆಗಾ?")

"ಹಾಗಾದ್ರೆ ಓಡಿಹೋಗು, ನಾನು ನೋಡಿಲ್ಲ ಅಂತೀನಿ" ಎಂದೆ. ಅದು ಹಿಂದೆ ತಿರುಗಿ ಜೊತೆಯವರನ್ನು ನೋಡಿತು.

"ಅರ್ಧಕ್ಕೆ ಎದ್ದು ಹೋದ್ರೆ ಆಡ್ಕೊಳಲ್ವಾ?" ಎಂದು ಹೇಳಿ, ಬ್ಯಾಕ್ಟೀರಿಯಾ ನುಂಗಲು ಬಾಯಿ ತೆರೆಯಿತು.

೫
ಬೆಳಿಗ್ಗೆ ಊತ ಇಳಿದಿತ್ತು. ಬೆರಳ ತುದಿಯಲ್ಲಿ ಒಂದು ಬಿಳಿ ಹನಿ. ಸಿಗ್ರುನ್ ಟಿಶ್ಯೂವಿನಲ್ಲಿ ಒರೆಸಿ, "ಥೂ, ಗಲೀಜು" ಎಂದಳು.

"ಬಿಸಾಕ್ಬೇಡ, ಇಲ್ಲಿ ಕೊಡು."

"ಯಾಕೋ?"

"ಪರಿಚಯದವನು."

ಅವಳು ನನ್ನ ಹಣೆ ಮುಟ್ಟಿ ನೋಡಿ, ಬೆರಳು ಮಡಚಿ ಬಿಡಿಸಿ, ಟ್ರಂಪೆಟ್ ಎತ್ತಿಕೊಂಡು ಇಳಿದುಹೋದಳು. ಸ್ವರ ಹೇಗೆ ಬಂತೆಂದು ನಾನು ಬರೆಯುವುದಿಲ್ಲ. ಆ ಟಿಶ್ಯೂ ಪಕ್ಕದಲ್ಲಿ ಬಿಸಿ ವಾಫಲ್ ಒಂದನ್ನು ಇಟ್ಟು ಕೂತಿದ್ದೇನೆ. ಕಥೆ ಮುಗಿಸಿದರೆ ಮೇಜು ಒರೆಸಿ ಟಿಶ್ಯೂವನ್ನೂ ಬಿಸಾಕಬೇಕಾಗುತ್ತದೆ.