ಒಂದು ತುಂಡು ಸಾಬೂನು

"ಇವನಿಗೆ ಆಸ್ಪತ್ರೆ ಯಾಕೆ ಮಾರಾಯ್ರೆ? ಒಂದು ತುಂಡು ಸಾಬೂನು ಕೊಡಿ, ಸಾಕು."

ಹಾಗೆ ಹೇಳಿದವರು ತಾಲೂಕು ಬೋರ್ಡಿನ ಮೆಂಬರು ಪದ್ಮಯ್ಯನವರು. ಹಸೈನಾರ್ ಬ್ಯಾರಿಯ ಅಂಗಡಿಯ ಎದುರು, ಡಿಸ್ಪೆನ್ಸರಿಗೆ ಬಂದ ಜನವೆಲ್ಲ ನಿಂತಿದ್ದಾಗ ಹೇಳಿದರು. ಹೇಳಿಸಿಕೊಂಡವನು ಭೋಜ. ಗದ್ದೆ ಉಳುವುದನ್ನು ಅರ್ಧಕ್ಕೆ ಬಿಟ್ಟು ಓಡಿ ಬಂದಿದ್ದ. ಸೊಂಟದಲ್ಲಿ ಕೋಮಣ, ತಲೆಯ ಮೇಲೆ ಅಡಿಕೆ ಹಾಳೆಯ ಟೊಪ್ಪಿ ಮುಟ್ಟಾಳೆ, ಮೊಣಕಾಲಿನವರೆಗೆ ಕೆಸರು. ಅವನು ಕೇಳಿದ್ದು ಇಷ್ಟೇ: "ಧಣಿ, ಡಿಸ್ಪೆನ್ಸರಿಯನ್ನು ಇಲ್ಲಿಂದ ಎಬ್ಬಿಸ್ತಾರಂತೆ. ಎಬ್ಬಿಸಿದರೆ ನನ್ನ ಅಕ್ಕನಿಗೆ ಸೂಜಿ ಹಾಕುವವರು ಯಾರು?"

ಜನ ನಕ್ಕರು. ನಕ್ಕವರಲ್ಲಿ ಅರ್ಧ ಮಂದಿಯ ಕೈಯಲ್ಲಿ ಮದ್ದಿನ ಖಾಲಿ ಕುಪ್ಪಿ ಇತ್ತು. ಭೋಜನ ಹೊಟ್ಟೆ ಉರಿದದ್ದು ಪದ್ಮಯ್ಯನವರ ಮಾತಿಗಲ್ಲ, ಆ ನಗೆಗೆ. ಇವರ ಕಾಲಿನ ಕೆಳಗಿನ ನೆಲವನ್ನೇ ಧಣಿ ಎಳೆಯುತ್ತಿದ್ದಾರೆ, ಇವರು ಹಲ್ಲು ಕಿರಿಯುತ್ತಾರಲ್ಲ ಎಂದು ಅವನ ತಲೆ ಬಿಸಿಯಾಯಿತು. ಪದ್ಮಯ್ಯನವರು ಶಾಲು ಸರಿಮಾಡಿಕೊಂಡು ಗಾಡಿ ಹತ್ತಿದ ಮೇಲಷ್ಟೇ ಅವನಿಗೆ ನೂರು ಉತ್ತರ ಹೊಳೆದವು.

ಅಂಬಡೆಪದವು ಎಂಬ ಆ ಊರು ವಾಮದಪದವಿನಿಂದ ಮಣ್ಣಿನ ದಾರಿ ಹಿಡಿದು ಒಳಗೆ ಹೋದರೆ ಸಿಗುತ್ತದೆ. ಜಿಲ್ಲೆ ಮದ್ರಾಸಿನಲ್ಲಿದ್ದ ಕಾಲದಲ್ಲಿ ಅಲ್ಲಿಗೊಂದು ಡಿಸ್ಪೆನ್ಸರಿ ಬಂತು. ಹೆಂಚಿನ ಮಾಡಿನ ಎರಡು ಕೋಣೆ, ಒಂದು ಕಪಾಟು, ಸೂಜಿ ಕುದಿಸುವ ಸ್ಟವ್ವು, ನಿತ್ಯಾನಂದ ಎಂಬ ಕಂಪೌಂಡರು. ಕುಪ್ಪಿ ನೀವೇ ತರಬೇಕು, ಅದಕ್ಕೆ ಕೆಂಪು ನೀರು ತುಂಬಿಸಿ, ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದರು. ಒಂದು ಹಲ್ಲಿಗೆ ಒಂದು ಹೊತ್ತಿನ ಮದ್ದು. ದೊಡ್ಡ ಆಸ್ಪತ್ರೆ ಅಂತ ಯಾರೂ ಹೇಳಲಾರರು. ಆದರೆ ಆ ಸ್ಟವ್ವು ಹೊತ್ತಿಕೊಂಡರೆ ಸುತ್ತಲಿನ ಮನೆಗಳಿಗೆ ಒಂದು ಧೈರ್ಯ.

ಭೋಜನ ಅಕ್ಕ ಸರಸಳಿಗೆ ಎದೆಯ ರೋಗ. ಕೆಮ್ಮಿನಲ್ಲಿ ರಕ್ತ ಕಂಡ ದಿನ ಗಂಡನ ಮನೆಯವರು ಅವಳನ್ನು ಬೇಲಿ ದಾಟುವ ತಡಮೆಯ ಹತ್ತಿರ ಇಳಿಸಿ, ಅಂಗಳಕ್ಕೂ ಬಾರದೆ ತಿರುಗಿ ಹೋಗಿದ್ದರು. ಅಪ್ಪ ಅಮ್ಮ ಇಲ್ಲದ ಮನೆ, ಅವಳು, ಇವನು. ಇವನನ್ನು ಶಾಲೆಗೆ ಕಳಿಸಿದವಳೂ ಅವಳೇ, ಐದನೆಯ ಕ್ಲಾಸಿನಲ್ಲಿ ಇವನು ಮಾಷ್ಟ್ರ ಬೆತ್ತ ಮುರಿದು ಓಡಿ ಬಂದಾಗ ಹೊಡೆದವಳೂ ಅವಳೇ. ಮಂಗಳೂರಿನಲ್ಲಿ ನೋಡಿದ ಡಾಕ್ಟರು ಸೂಜಿ ಬರೆದುಕೊಟ್ಟು ಹೇಳಿದ್ದರು: "ನಡುವೆ ಬಿಡಬೇಡಿ. ಬಿಟ್ಟರೆ ರೋಗ ಮೊದಲಿಗಿಂತ ಜೋರಾಗಿ ಬರ್ತದೆ, ಆಮೇಲೆ ಈ ಮದ್ದು ಕೇಳುವುದಿಲ್ಲ." ಆ ಸೂಜಿಯನ್ನೇ ನಿತ್ಯಾನಂದರು ಹಾಕುತ್ತಿದ್ದರು. ಈಗೀಗ ಸರಸ ಬಾವಿಕಟ್ಟೆಯವರೆಗೆ ತಾನೇ ಹೋಗಿ, ಅರ್ಧ ಕೊಡ ನೀರು ತರುವಷ್ಟಾಗಿದ್ದಳು.

ಡಿಸ್ಪೆನ್ಸರಿ ಹೋಗುವುದು ಹೊಳೆಯಾಚೆ, ಪದ್ಮಯ್ಯನವರ ಅಕ್ಕಿ ಮಿಲ್ಲಿನ ಪಕ್ಕಕ್ಕೆ. ಬೇಸಗೆಯಲ್ಲಿ ಹೊಳೆ ದಾಟಿ ಗುಡ್ಡ ಹತ್ತಿ ಇಳಿಯಬೇಕು. ಮಳೆಗಾಲದಲ್ಲಿ ದೋಣಿಯವನು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಸರಸಳ ಎದೆಗೂಡಿಗೆ ಆ ಗುಡ್ಡ ಹತ್ತುವ ಶಕ್ತಿ ಇಲ್ಲ ಎಂಬುದು ನೋಡಿದ ಯಾರಿಗೂ ತಿಳಿಯುತ್ತಿತ್ತು.

"ಓಟಿನ ಸಮಯದಲ್ಲಿ ಇದೇ ಪದ್ಮಯ್ಯ ನನ್ನ ಜಗಲಿಯಲ್ಲಿ ಕೂತು ಬೆಲ್ಲ ನೀರು ಕುಡಿದು ಹೋದದ್ದು. ಡಿಸ್ಪೆನ್ಸರಿಗೆ ಹೊಸ ಕಟ್ಟಡ ಕಟ್ಟಿಸುವ ಅಂದ್ರು," ಎಂದ ಭೋಜ, ಜನ ಚದುರಿದ ಮೇಲೆ ಹಸೈನಾರ್ ಬ್ಯಾರಿಯ ಅಂಗಡಿಯಲ್ಲಿ ಕೂತು.

"ನನ್ನ ಅಂಗಡಿಯಲ್ಲಿ ಸೋಡಾವೂ ಕುಡಿದಿದ್ದಾರೆ," ಎಂದರು ಹಸೈನಾರ್. "ಸೋಡಾದ ಗ್ಯಾಸು ಹೋದ ಹಾಗೆ ಮಾತೂ ಹೋಯಿತು. ನೀನು ಕೂತ್ಕೊ ಮಾರಾಯ, ಬೀಡಿ ಎಳಿ. ಮಂಗಳೂರಿನಿಂದ ಜಿಲ್ಲೆಯ ದೊಡ್ಡ ಡಾಕ್ಟರು ಡಿಸ್ಪೆನ್ಸರಿ ನೋಡ್ಲಿಕ್ಕೆ ಬರ್ತಾರಂತೆ. ಅವರು ಮೈಸೂರು ಕಡೆಯವರು, ಧಣಿಯ ಹಂಗು ಇಲ್ಲ. ಅವರು ಬೇಕು ಅಂದರೆ ಡಿಸ್ಪೆನ್ಸರಿ ಇಲ್ಲೇ, ಬೇಡ ಅಂದರೆ ಆಚೆಗೆ."

ಭೋಜ ಬೀಡಿ ಎಳೆಯಲಿಲ್ಲ. ಎದ್ದು ನಿಂತು, ಅಂಗಡಿಯ ಮೂಲೆಯಲ್ಲಿದ್ದ ಉದ್ದದ ಬಾರ್ ಸೋಪನ್ನು ತೋರಿಸಿದ. "ಅದನ್ನು ತುಂಡು ಮಾಡಿ ಹಸೈನಾರಾಕ. ಮನೆಗೊಂದು. ಸಾಬೂನು ಅಲ್ವಾ ಹೇಳಿದ್ದು? ತೋರಿಸುವ. ಆ ದಿನ ಈ ಊರಿನವರು ಹೇಗೆ ನಿಲ್ತಾರೆ ಅಂತ ಆ ಮನುಷ್ಯ ಕಣ್ಣು ಬಿಟ್ಟು ನೋಡ್ಬೇಕು."

ಹಸೈನಾರ್ ನೂಲು ಸುತ್ತಿ ಎಳೆದು ಸಾಬೂನು ತುಂಡು ಮಾಡಿದರು. "ಇದು ನನ್ನ ಲೆಕ್ಕದ್ದು," ಎಂದರು. "ಆಸ್ಪತ್ರೆ ಉಳಿದರೆ ಸೋಡಾ ಕುಡಿಯುವವರೂ ಉಳಿದಾರು."

ಭೋಜ ಮನೆ ಮನೆ ನುಗ್ಗಿ ಹಂಚಿದ. ಬಟ್ಟೆ ಇಲ್ಲದವರಿಗೆ ಇದ್ದವರಿಂದ ಕೊಡಿಸಿದ. "ಯಾರೂ ಕೋಮಣದಲ್ಲಿ ಬರಬಾರದು. ಯಾರೂ ಬಗ್ಗಿ ನಿಲ್ಲಬಾರದು," ಎಂದ.

"ನನ್ನ ಮೊಮ್ಮಗಳು ಜುಲೈಕಾಳಿಗೆ ಮೂರು ಸಂಜೆಯಿಂದ ಜ್ವರ, ಮೋನೇ," ಎಂದಳು ಮುದುಕಿ ಸಫಿಯಮ್ಮ. ಅವಳಿಗೆ ಊರಿನ ಹುಡುಗರೆಲ್ಲ ಮಕ್ಕಳೇ. "ಅವಳನ್ನೂ ಎತ್ತಿಕೊಂಡು ಬರಲಾ?"

"ಬೇಡ. ಜ್ವರ, ಹುಣ್ಣು, ಕೆಮ್ಮು ಎಲ್ಲ ಮನೆಯಲ್ಲೇ ಇರಲಿ. ಅಷ್ಟು ದೊಡ್ಡವರ ಎದುರು ಮೂಗು ಸೋರಿಸಿಕೊಂಡು ನಿಲ್ಲುವುದು ಬೇಡ."

ಯಾರಿಗೂ ಇದರಲ್ಲಿ ತಪ್ಪು ಕಾಣಲಿಲ್ಲ. ಹೇಗೆ ಕಂಡೀತು? ದೈವದ ಎದುರು ನಿಲ್ಲುವಾಗ, ಧಣಿಯ ಅಂಗಳಕ್ಕೆ ಹೋಗುವಾಗ ಮಿಂದು, ಒಗೆದದ್ದು ಉಟ್ಟು ಹೋದ ಜನ. ದೊಡ್ಡವರ ಮುಖ ನೋಡುವ ದಿನ ರೋಗದ ಮೈ ಹೊತ್ತುಕೊಂಡು ಹೋಗುವುದು ಮರ್ಯಾದೆ ಎಂದು ಅವರಿಗೆ ಯಾರೂ ಕಲಿಸಿರಲಿಲ್ಲ.

ಸರಸ ಮಾತ್ರ ಹಟ ಹಿಡಿದಳು. "ನಾನೂ ಬರ್ತೇನೆ. ನನ್ನ ಮಾತು ನಾನೇ ಹೇಳ್ತೇನೆ."

"ನೀನು ಕೆಮ್ಮುತ್ತಿ. ಆ ಪದ್ಮಯ್ಯ ಮೂಗಿಗೆ ಶಾಲು ಹಿಡೀತಾನೆ. ನನಗೆ ಅದು ನೋಡ್ಲಿಕ್ಕೆ ಆಗುವುದಿಲ್ಲ."

"ನಿನಗೆ ನೋಡ್ಲಿಕ್ಕೆ ಆಗದಿದ್ದರೆ ಆಚೆ ತಿರುಗು. ಕೆಮ್ಮುವುದು ನಾನು."

"ಅಕ್ಕ, ಈ ಒಂದು ಸಲ ನನ್ನ ಮಾತು ಕೇಳು."

ಅವಳು ಕೇಳಿದಳು. ಆದರೂ ಆ ಬೆಳಿಗ್ಗೆ ಬಿಸಿನೀರು ಕಾಯಿಸಿ, ಅವನು ತಂದ ಸಾಬೂನಿನಲ್ಲಿ ಮಿಂದು, ತಲೆ ಬಾಚಿ ಜಗಲಿಯಲ್ಲಿ ಕುಳಿತಳು. ಕರೆದರೆ ಹೋಗಲಿಕ್ಕೆ ಇರಲಿ ಎಂದು ಸೀರೆಯನ್ನೂ ಬದಲಾಯಿಸಿದ್ದಳು.

ಜೀಪು ಬಂತು. ದೊಡ್ಡ ಡಾಕ್ಟರು ಇಳಿದರು, ಹಿಂದಿನಿಂದ ಪದ್ಮಯ್ಯನವರು. ಡಿಸ್ಪೆನ್ಸರಿಯ ಎದುರು ಜನ ಸಾಲಾಗಿ ನಿಂತಿದ್ದರು: ಬಿಳಿ ಪಂಚೆ, ಎಣ್ಣೆ ಹಚ್ಚಿ ಬಾಚಿದ ತಲೆ, ಉಜ್ಜಿ ಉಜ್ಜಿ ಹೊಳೆಯುವ ಮಕ್ಕಳು. ಸಾಬೂನಿನ ವಾಸನೆ ದಾರಿಯವರೆಗೆ ಬರುತ್ತಿತ್ತು. ಒಬ್ಬರ ಕೈಯಲ್ಲೂ ಕುಪ್ಪಿ ಇಲ್ಲ. ಪದ್ಮಯ್ಯನವರು ಒಂದು ಗಳಿಗೆ ತಬ್ಬಿಬ್ಬಾದದ್ದನ್ನು ಭೋಜ ಕಂಡ. ಎದೆ ಉಬ್ಬಿತು. ಇಡೀ ಜೀವಮಾನದಲ್ಲಿ ಅವನು ಗೆದ್ದದ್ದು ಆ ಒಂದು ಗಳಿಗೆ.

ಡಾಕ್ಟರು ಒಳ್ಳೆಯ ಮನುಷ್ಯ. ಸಾಲಿನುದ್ದಕ್ಕೂ ನಡೆದು, ಒಂದು ಮಗುವಿನ ಕೆನ್ನೆ ತಟ್ಟಿದರು. "ಏನ್ರಪ್ಪಾ, ಎಷ್ಟು ಚೆನ್ನಾಗಿದ್ದೀರಿ ಎಲ್ಲರೂ. ಕಾಯಿಲೆ ಕಸಾಲೆ ಏನಾದರೂ ಇದೆಯೇನು?"

ಅಷ್ಟು ಪ್ರೀತಿಯಿಂದ ಕೇಳಿದವರಿಗೆ ಉಂಟು ಎಂದು ಹೇಳುವುದು ಹೇಗೆ? ಒಬ್ಬ ಮುದುಕ ಕೈಮುಗಿದು, "ತಮ್ಮ ದಯದಿಂದ ಚೆನ್ನಾಗಿದ್ದೇವೆ," ಎಂದುಬಿಟ್ಟ.

"ನಮ್ಮ ಅಂಬಡೆಪದವಿನ ನೀರೇ ಹಾಗೆ ಸಾರ್," ಎಂದರು ಪದ್ಮಯ್ಯನವರು. ಅವರ ಮುಖ ತಿಳಿಯಾಗಿತ್ತು. "ನಾನು ಹೇಳಿದ್ದೆನಲ್ಲ. ಹೊಳೆಯ ಆಚೆ ಬದಿಯಲ್ಲಿ ಜನ ರೋಗ ಹಿಡಿದು ಮಲಗಿದ್ದಾರೆ, ಇಲ್ಲಿ ಕಂಪೌಂಡರಿಗೆ ಬಾಗಿಲು ಕಾಯುವ ಕೆಲಸ."

ಆಗ ಭೋಜನಿಗೆ ತಲೆಯ ಮೇಲೆ ತಣ್ಣೀರು ಸುರಿದ ಹಾಗಾಯಿತು. "ಉಂಟು ಸ್ವಾಮಿ," ಎಂದ. "ರೋಗ ಉಂಟು. ನನ್ನ ಅಕ್ಕನಿಗೆ ಉಂಟು. ಮನೆಯಲ್ಲಿದ್ದಾಳೆ."

"ಮನೆಯಲ್ಲಾ?" ಡಾಕ್ಟರು ನಿಂತರು. ಬೈಯುವ ದನಿಯಲ್ಲ, ನಿಜವಾಗಿಯೂ ಅರ್ಥವಾಗದವರ ದನಿ. "ನಾನು ಬರೋ ದಿನವೂ ಡಿಸ್ಪೆನ್ಸರಿಗೆ ಬಾರದ ರೋಗಿಗೆ ಡಿಸ್ಪೆನ್ಸರಿ ಯಾಕಪ್ಪಾ?"

ನಿತ್ಯಾನಂದರು ಕಪಾಟಿನ ಬಳಿಯಿಂದ ಏನೋ ಹೇಳಹೊರಟರು; ಪದ್ಮಯ್ಯನವರು ತಿರುಗಿ ನೋಡಿದ ಮೇಲೆ ಸ್ಟವ್ವು ಒರೆಸತೊಡಗಿದರು. ಸಫಿಯಮ್ಮ ತನ್ನ ಊದಿದ ಕಾಲನ್ನು ತೋರಿಸಲು ಬಟ್ಟೆ ಎತ್ತಿದಳು. ಅವಳನ್ನು ನೋಡಿ ಇನ್ನೊಬ್ಬ ಅಂಗಿ ಬಿಚ್ಚಿದ, ಮತ್ತೊಬ್ಬಳು ಮಗುವಿನ ಕಿವಿ ತಿರುಗಿಸಿದಳು. ಒಬ್ಬರ ಮೇಲೊಬ್ಬರು ಬಿದ್ದು ತಮ್ಮ ತಮ್ಮ ನೋವು ತೋರಿಸಲು ಹೊರಟರು.

"ನೋಡಿ ಸಾರ್, ಈಗ ಶುರುವಾಯಿತು ಇವರ ಆಟ," ಎಂದರು ಪದ್ಮಯ್ಯನವರು, ನಗುತ್ತಾ.

ಭೋಜ ಓಡಿದ. ಗದ್ದೆಯ ಅಂಚಿನ ಹುಣಿಯ ಮೇಲೆ, ಸಾಲ ತಂದ ಪಂಚೆಯನ್ನು ಮೊಣಕಾಲಿಗೆ ಎತ್ತಿಕೊಂಡು, ಮನೆಯವರೆಗೆ. "ಅಕ್ಕ, ಬಾ." ಅವಳು ಯಾಕೆ ಎಂದು ಕೇಳಲಿಲ್ಲ. ಎದ್ದು ಬಂದಳು, ಬಿರಬಿರನೆ, ಅವನಿಗಿಂತಲೂ ಮುಂದಾಗಿ. ತಡಮೆ ದಾಟುವಾಗ ಕೆಮ್ಮು ಹಿಡಿಯಿತು. ಕುಕ್ಕರಗಾಲಿನಲ್ಲಿ ಕುಳಿತು ಸೆರಗು ಬಾಯಿಗೊತ್ತಿ ಕೆಮ್ಮಿದಳು. ಆಚೆ ದಾರಿಯಲ್ಲಿ ಜೀಪಿನ ಸದ್ದು ಎದ್ದು, ಸಣ್ಣದಾಗಿ, ಗುಡ್ಡದ ಹಿಂದೆ ಅಡಗಿತು. ಸೆರಗು ತೆಗೆದಾಗ ಅದರಲ್ಲಿ ಕೆಂಪು. ಈಗ ತೋರಿಸಲಿಕ್ಕೆ ಇತ್ತು, ನೋಡುವವರು ಇರಲಿಲ್ಲ.

ಬೋರ್ಡಿನ ಮೀಟಿಂಗು ಮುಗಿಯಿತು, ಡಿಸ್ಪೆನ್ಸರಿ ಹೊಳೆಯಾಚೆಗೆ ಎಂದಾಯಿತು ಎಂಬ ಸುದ್ದಿ ಬಂದ ಮೇಲೆ ಭೋಜ ಹಸೈನಾರರನ್ನು ಕರೆದುಕೊಂಡು ಪದ್ಮಯ್ಯನವರ ಚಾವಡಿಗೆ ಹೋದ. ಜಗಳ ಮಾಡಬಾರದೆಂದು ಹಸೈನಾರ್ ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದರು.

"ನಾನೇನು ಮಾಡಲಿ ಮಾರಾಯ? ದೊಡ್ಡ ಡಾಕ್ಟರು ಕಣ್ಣಾರೆ ನೋಡಿ ಬರೆದದ್ದು," ಎಂದರು ಪದ್ಮಯ್ಯನವರು. "ಇದು ಪ್ರಜಾರಾಜ್ಯ. ಮೀಟಿಂಗಿನಲ್ಲಿ ಎಲ್ಲರೂ ಕೈ ಎತ್ತಿ ಆಯಿತು."

"ನಮ್ಮ ಕೈ?" ಎಂದ ಭೋಜ.

"ನಿಮ್ಮ ಕೈ ಅಂದರೆ ನಾನೇ ಅಲ್ವಾ? ನೀವೇ ಕಳಿಸಿದ್ದು. ನಾನು ಎತ್ತಿದೆ."

ಹಸೈನಾರ್ ಭೋಜನ ತೋಳು ಹಿಡಿದುಕೊಂಡಿದ್ದರು. ಹಿಡಿಯುವ ಅಗತ್ಯ ಇರಲಿಲ್ಲ. ಯಾವುದಕ್ಕೆ ಹೊಡೆಯಬೇಕು ಎಂದೇ ಅವನಿಗೆ ತಿಳಿಯಲಿಲ್ಲ. ಡಾಕ್ಟರು ಕಣ್ಣಾರೆ ನೋಡಿದ್ದು ಎಂಬ ಮಾತು ಸುಳ್ಳಾಗಿರಲಿಲ್ಲ. ಇವನೇ ಊರನ್ನೆಲ್ಲ ತೊಳೆದು ನಿಲ್ಲಿಸಿದ್ದ.

ಸಾಗಿಸಲು ಎತ್ತಿನ ಗಾಡಿ ಬಂತು. ಕಪಾಟು, ಸ್ಟವ್ವು, ಬೆಂಚು, ಕೊನೆಗೆ ಬಾಗಿಲ ಮೇಲಿನ ಹೆಸರಿನ ಹಲಗೆ. ನಿತ್ಯಾನಂದರು ಗಾಡಿಯ ಹಿಂದೆ ತಲೆ ತಗ್ಗಿಸಿ ನಿಂತಿದ್ದರು. "ಆಚೆಗೆ ಕರೆದುಕೊಂಡು ಬಾ ಭೋಜ, ಹೇಗಾದರೂ," ಎಂದರು. "ಔಷಧಿ ಇಲ್ಲಿ ಬಿಟ್ಟು ಹೋಗುವ ಹಾಗಿಲ್ಲ. ಸೂಜಿಯನ್ನೂ ಬಿಡುವ ಹಾಗಿಲ್ಲ." ಗಾಡಿ ಹೊರಟಿತು. ಖಾಲಿ ಕೋಣೆಯಿಂದ ಸ್ಪಿರಿಟ್ಟಿನ ವಾಸನೆ ಇನ್ನೂ ಬರುತ್ತಿತ್ತು. ಹಸೈನಾರ್ ಅಂಗಡಿಯ ಹಲಗೆ ಬಾಗಿಲು ಅರ್ಧ ಹಾಕಿದ್ದರು. ಅಂದು ನಕ್ಕವರೂ ಇದ್ದರು, ಕುಪ್ಪಿ ಹಿಡಿದು, ಮಿಂದು, ಸಾಲಾಗಿ. ಈಗ ಯಾರೂ ನಗಲಿಲ್ಲ. ಅವರೆಲ್ಲರೂ ಭೋಜನ ಕಡೆ ನೋಡುತ್ತಿದ್ದರು, ಅವನಲ್ಲಿ ಇನ್ನೊಂದು ಉಪಾಯ ಇರಬಹುದು ಎಂಬ ಹಾಗೆ.

ಸರಸ ಡಿಸ್ಪೆನ್ಸರಿಯ ಮೆಟ್ಟಿಲಿನ ಮೇಲೆ ಕುಳಿತಿದ್ದಳು. ಅಲ್ಲಿಯವರೆಗೆ ನಡೆದು ಬಂದದ್ದಕ್ಕೇ ಉಸಿರು ಏರಿತ್ತು. ತೋಳಿನ ಬಟ್ಟೆಯನ್ನು ಸೂಜಿಗೆಂದು ಮೇಲಕ್ಕೆ ಸರಿಸಿಕೊಂಡಿದ್ದಳು. ಕೆಳಗೆ ಎಳೆದುಕೊಳ್ಳಲು ಮರೆತಿರಬೇಕು.

"ಭೋಜ," ಎಂದಳು. ಕೋಪವಿರಲಿಲ್ಲ. "ಇನ್ನು ಸೂಜಿಗೆ ಎಲ್ಲಿಗೆ ಹೋಗುವ?"

ಅವನು ಮುಟ್ಟಾಳೆಯನ್ನು ತಲೆಗಿಟ್ಟುಕೊಂಡ. ಅವಳ ಮುಖ ನೋಡದೆ, ಆ ಸಾಲನ್ನು ದಾಟಿ, ಗಾಡಿ ಹೋದ ದಿಕ್ಕಿಗೂ ಅಲ್ಲದೆ ಮನೆಯ ದಿಕ್ಕಿಗೂ ಅಲ್ಲದೆ ಗುಡ್ಡದ ಮೇಲಿನ ಬೋಳು ಬಯಲು, ಪದವಿನ ಕಡೆ ನಡೆಯತೊಡಗಿದ. ಅವಳು ಇನ್ನೊಮ್ಮೆ ಕರೆದಳು. ಅವನು ಹೆಜ್ಜೆ ಬೀಸಿ ನಡೆದುಹೋದ.