ಸೀಟಿನ ಹಿಂದಿನ ಹಿಡಿ

ತಮ್ಮನ ಬಿಳಿ ಅಂಗಿಯ ಒಂದು ತೋಳಿಗೆ ಇಸ್ತ್ರಿ ಮುಗಿಸಿ ಇನ್ನೊಂದನ್ನು ಹಲಗೆಯ ಮೇಲೆ ಹರಡುತ್ತಿದ್ದಾಗ ಆಸ್ಪತ್ರೆಯಿಂದ ಫೋನು ಬಂತು. ಆ ಕಡೆಯ ಹೆಣ್ಣುಮಗಳು ಮೊದಲು ಹೆಸರು ಕೇಳಿದಳು, ಆಮೇಲೆ ಸಂಬಂಧ ಕೇಳಿದಳು, ಆಮೇಲೆ ಮನೆಯಲ್ಲಿ ಬೇರೆ ಯಾರಾದರೂ ಇದ್ದಾರಾ ಎಂದು ಕೇಳಿದಳು. ಅಷ್ಟಕ್ಕೇ ಅಕ್ಕನಿಗೆ ಗೊತ್ತಾಯಿತು.

"ಹೇಳಮ್ಮ, ನಾನು ಗಟ್ಟಿ ಇದ್ದೀನಿ" ಎಂದಳು.

ಹೇಳಿದ್ದನ್ನು ಕೇಳಿಸಿಕೊಂಡು, ಫೋನನ್ನು ಮೆಲ್ಲಗೆ ಇಟ್ಟು, ಉಳಿದ ತೋಳಿಗೂ ಇಸ್ತ್ರಿ ಹಾಕಿದಳು. ತಮ್ಮ ಆಸ್ಪತ್ರೆಯಿಂದ ಮನೆಗೆ ಬರುವ ದಿನ ತೊಡಿಸಬೇಕೆಂದು ತೆಗೆದಿಟ್ಟ ಅಂಗಿ. ಮನೆಗೆ ಬರುವುದಂತೂ ಇವತ್ತೇ.

ಬೀದಿಯವರಿಗೆಲ್ಲ ಅವಳು ಅಕ್ಕ, ತಮ್ಮ ಬೋರ್ಡಣ್ಣ. ಆ ಇಳಿಜಾರು ಬೀದಿಯ ಅಂಗಡಿಗಳ ಬೋರ್ಡುಗಳೆಲ್ಲ ಒಂದು ಕಾಲದಲ್ಲಿ ಅವನ ಕುಂಚದಿಂದಲೇ ಬಂದಿದ್ದವು. ಏಣಿಯಿಂದ ಬಿದ್ದು ಬೆನ್ನಿಗೆ ಕಬ್ಬಿಣದ ಸರಳು ಹಾಕಿಸಿಕೊಂಡ ಮೇಲೆ ಕುಂಚ ಮೂಲೆ ಸೇರಿತು. ಕೋಲು ಊರಿ ಹತ್ತಿಪ್ಪತ್ತು ಹೆಜ್ಜೆ ಇಡಬಲ್ಲವನಾಗಿದ್ದ, ಅದಕ್ಕಿಂತ ಹೆಚ್ಚಿಲ್ಲ. ಮದುವೆಯಾಗಿರಲಿಲ್ಲ. ಗಂಡ ಸತ್ತ ಅಕ್ಕ ಅವನ ಜೊತೆಗೇ ಇದ್ದಳು. ಆಮೇಲೆ ನಾಲ್ಕು ಗಾಲಿಯ ಬ್ಯಾಟರಿ ಗಾಡಿ ಬಂತು. ಮುಂದೆ ಹ್ಯಾಂಡಲ್, ಹ್ಯಾಂಡಲಿಗೆ ಬುಟ್ಟಿ, ಬುಟ್ಟಿಯ ಪಕ್ಕ ಒಂದು ಹಾರ್ನು. ಆ ಹಾರ್ನಿನ ಸದ್ದಿಗೆ ಸತ್ತವರೂ ಎದ್ದು ಕೂರುತ್ತಾರೆ ಎಂದು ಬೇಕರಿಯವನು ನಗೆಯಾಡುತ್ತಿದ್ದ.

ಇವತ್ತು ನಡುಮನೆಯಲ್ಲಿ ಮಲಗಿಸಿದ್ದ ಬೋರ್ಡಣ್ಣನ ಕಾಲ ಬಳಿ ಕುಳಿತಿದ್ದ ಆ ಬೇಕರಿಯವನು ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದ.

"ನನ್ನ ಬನ್ನಿನ ಟ್ರೇಗೆ ಎಷ್ಟು ಸಲ ಗುದ್ದಿದ್ದಾನೋ ಪುಣ್ಯಾತ್ಮ. ಬೈದಿದ್ದೇ ಬೈದಿದ್ದು ನಾನು."

"ಅವನೇನು ಕಮ್ಮಿ ಬೈದನಾ?" ಎಂದ ಪಕ್ಕದಲ್ಲಿದ್ದ ಔಷಧಿ ಅಂಗಡಿಯವನು. "ಫುಟ್‌ಪಾತ್ ನಿಮ್ಮಪ್ಪಂದಾ ಅಂತ ನೀನು, ನಿಮ್ಮಜ್ಜಂದಾ ಅಂತ ಅವನು. ಬೆಳಗ್ಗೆ ನಿಮ್ಮ ಜಗಳ ಕೇಳಿಯೇ ನಾನು ಶಟರ್ ಎತ್ತುತ್ತಿದ್ದೆ."

"ಇನ್ನು ಯಾರ ಹತ್ತಿರ ಜಗಳ ಆಡ್ಲಿ ಹೇಳು."

ಬಾಗಿಲ ಹೊರಗೆ ಒಬ್ಬ ಪೇದೆ ಟೋಪಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. ಅವಸರವೇನಿಲ್ಲ, ಎಲ್ಲ ಮುಗಿಯಲಿ, ಅಮ್ಮನ ಹತ್ತಿರ ಒಂದೇ ಒಂದು ಮಾತು ಕೇಳಿ ಹೋಗುತ್ತೇನೆ ಎಂದಿದ್ದ.

*

ಫುಟ್‌ಪಾತ್ ಅಗಲವಿದ್ದದ್ದು ಒಂದು ಗಾಡಿಗೆ ಮಾತ್ರ. ಬೋರ್ಡಣ್ಣ ಬೇಕರಿಯ ಮುಂದೆ ಗಾಡಿ ನಿಲ್ಲಿಸಿ ಕೋಲೂರಿಕೊಂಡು ಪಕ್ಕದ ಔಷಧಿ ಅಂಗಡಿಗೋ ಎದುರಿನ ಅಂಚೆ ಕಚೇರಿಗೋ ಹೋದರೆ ಹಿಂದಿನವರು ಹಿಂದೆ, ಮುಂದಿನವರು ಮುಂದೆ. ಕೆಲವರು ಗೊಣಗಿ ರಸ್ತೆಗಿಳಿಯುತ್ತಿದ್ದರು. ಕೆಲವರು ಗಾಡಿಗೆ ಒದೆಯುತ್ತಿದ್ದರು. ಒಂದು ದಿನ ಯಾರೋ ಸೀಟಿನ ಮೇಲೆ ಎಂಜಲು ಲೋಟ ಇಟ್ಟು ಹೋಗಿದ್ದರು.

ಎಲ್ಲರಿಗಿಂತ ಜೋರು ಜಗಳ ಆದದ್ದು ಅವಳಿ ಮಕ್ಕಳ ತಾಯಿಯ ಜೊತೆ. ಅವಳದು ಎರಡು ಮಕ್ಕಳನ್ನು ಅಕ್ಕಪಕ್ಕ ಕೂರಿಸುವ ಅಗಲದ ತಳ್ಳುಗಾಡಿ. ಗಂಡ ಹಡಗಿನ ಕೆಲಸದವನು, ವರ್ಷಕ್ಕೊಮ್ಮೆ ಮುಖ ತೋರಿಸುವವನು. ಇಬ್ಬರೂ ಎದುರುಬದುರಾಗಿ ನಿಂತರೆ ಯಾರೂ ಹಿಂದೆ ಸರಿಯುತ್ತಿರಲಿಲ್ಲ.

"ನಿಮ್ಮ ಗಾಡೀಲಿ ಒಬ್ಬರು, ನನ್ನ ಗಾಡೀಲಿ ಇಬ್ಬರು. ನೀವೇ ಜರುಗಿ" ಎಂದಿದ್ದಳು ಅವಳು.

"ನಿನ್ನ ಇಬ್ಬರೂ ಇನ್ನೊಂದು ವರ್ಷಕ್ಕೆ ಎದ್ದು ಓಡ್ತಾರಮ್ಮ. ನಾನು ಓಡ್ತೀನಾ?" ಎಂದಿದ್ದ ಬೋರ್ಡಣ್ಣ.

ಆ ಮಾತಿಗೆ ಅವಳಿಗೆ ನಗು ಬಂತು, ಅಳುವೂ ಬಂತು. ಅವತ್ತೇ ಅವನು ಅವಳಿಗೆ ಸೀಟಿನ ಹಿಂದೆ, ಗಾಲಿಯ ಮಗ್ಗುಲಲ್ಲಿದ್ದ ಕೆಂಪು ಹಿಡಿಯನ್ನು ಕೋಲಿನ ತುದಿಯಿಂದ ತೋರಿಸಿದ್ದು. "ನಾನು ಒಳಗಿದ್ದರೆ ಕಾಯಬೇಡ. ಇದನ್ನ ಕೆಳಗೆ ಒತ್ತು, ಗಾಲಿ ಸಡಿಲ ಆಗುತ್ತೆ, ಗೋಡೆ ಕಡೆ ತಳ್ಳು, ಹೋಗು. ಹೋಗೋವಾಗ ಮರೀದೆ ಮೇಲಕ್ಕೆ ಎತ್ತು. ಮೇಲಿದ್ದರೇನೇ ಇದಕ್ಕೆ ಬ್ರೇಕು."

ಅವಳಾದ ಮೇಲೆ ಬೇಕರಿಯವನು, ಔಷಧಿ ಅಂಗಡಿಯವನು, ಅಂಚೆಯವನು, ಹೀಗೆ ಇಡೀ ಬೀದಿಯೇ ಕಲಿತಿತು. ಒದೆಯುವವರು ಇಲ್ಲವಾದರು. ಗಾಡಿ ದಿನಕ್ಕೆ ಹತ್ತು ಸಲ ಹತ್ತು ಕೈಗಳಲ್ಲಿ ಅತ್ತ ಇತ್ತ ಜರುಗಿ, ಬೋರ್ಡಣ್ಣ ಹೊರಗೆ ಬರುವಷ್ಟರಲ್ಲಿ ಸಾಧುವಿನ ಹಾಗೆ ನಿಂತಿರುತ್ತಿತ್ತು.

ಅಕ್ಕನಿಗೆ ಮಾತ್ರ ಇದು ಸರಿಬರಲಿಲ್ಲ. "ನಿನ್ನ ಬ್ರೇಕನ್ನ ಊರವರ ಕೈಗೆ ಕೊಟ್ಟು ಬಂದಿದ್ದೀಯಲ್ಲೋ, ಬುದ್ಧಿ ಇದೆಯಾ?"

"ಕೊಡದೆ ಇದ್ದರೆ ಫುಟ್‌ಪಾತ್ ಮೇಲೆ ನನ್ನ ಯಾರು ಬಿಟ್ಕೋತಾರೆ ಅಕ್ಕ?" ಎಂದು ಅವನು ಕಾಲು ಮುಂದಕ್ಕೆ ಚಾಚಿದ್ದ. ಅವಳು ಕೂತು ಅವನ ಬೂಟಿನ ದಾರ ಬಿಚ್ಚಿದ್ದಳು. ಬೆನ್ನಿನ ಸರಳು ಅವನನ್ನು ಬಗ್ಗಲು ಬಿಡುತ್ತಿರಲಿಲ್ಲ. ಬೂಟು ಹಾಕುವುದು, ಬಿಚ್ಚುವುದು, ಉಗುರು ತೆಗೆಯುವುದು, ಕೆಳಗೆ ಬಿದ್ದ ಕೋಲು ಎತ್ತಿಕೊಡುವುದು ಎಲ್ಲ ಅಕ್ಕನದೇ. ಆ ಕೆಂಪು ಹಿಡಿಯನ್ನು ಅವನು ಜನ್ಮದಲ್ಲಿ ಕೈಯಿಂದ ಮುಟ್ಟಿರಲಿಲ್ಲ.

*

ಮಧ್ಯಾಹ್ನದ ಹೊತ್ತಿಗೆ ಅಕ್ಕನ ಮಗ ಬಂದ. ದೂರದ ಊರಲ್ಲಿ ಬಸ್ಸು ಓಡಿಸುವವನು, ಯೂನಿಫಾರ್ಮಿನಲ್ಲೇ ಬಂದಿದ್ದ. ಸೋದರಮಾವನ ಹಣೆ ಮುಟ್ಟಿ ನೋಡಿ ಎದ್ದವನ ಮುಖ ಕೆಂಪಾಗಿತ್ತು.

"ಹೇಗಾಯ್ತು ಅಂತ ಯಾರಾದರೂ ನೆಟ್ಟಗೆ ಹೇಳ್ತೀರಾ?"

ಔಷಧಿ ಅಂಗಡಿಯವನು ಹೇಳಿದ. ಮೊನ್ನೆ ಬೋರ್ಡಣ್ಣ ಮಾತ್ರೆ ತಗೊಂಡು ಹೊರಗೆ ಬಂದು ಗಾಡಿ ಹತ್ತಿದ. ಅಲ್ಲಿಯವರೆಗೆ ಮುಂದಿನ ಗಾಲಿ ಬೇಕರಿಯ ಕಟ್ಟೆಗೆ ಆತುಕೊಂಡು ಗಾಡಿ ಜರುಗದೆ ನಿಂತಿತ್ತು. ಹ್ಯಾಂಡಲ್ ತಿರುಗಿಸಿದ್ದೇ ತಡ, ಗಾಡಿ ಇಳಿಜಾರಿನಲ್ಲಿ ಹೊರಟೇಬಿಟ್ಟಿತು. ಹಿಡಿ ಕೆಳಗಿತ್ತು, ಬ್ರೇಕು ಇರಲಿಲ್ಲ. ಬೀದಿ ಮುಗಿಯುವ ಕಡೆ ಇರುವ ಕಲ್ಲಿನ ಮೆಟ್ಟಿಲುಗಳ ಮೇಲಿಂದ ಗಾಡಿಯೂ ಅವನೂ ಒಟ್ಟಿಗೆ ಉರುಳಿದರು. ಉದ್ದಕ್ಕೂ ಹಾರ್ನು ಒತ್ತುತ್ತಲೇ ಇದ್ದ. ಎಂದಿನ ಹಾರ್ನೇ ಅಂದುಕೊಂಡು ಯಾರೂ ತಲೆ ಎತ್ತಲಿಲ್ಲ.

"ಹಿಡಿ ಕೆಳಗೆ ಬಿಟ್ಟವರು ಯಾರು?"

"ಅವನೇ ಅಂತೆ. ಆಸ್ಪತ್ರೇಲಿ ಪೊಲೀಸರ ಮುಂದೆ ಅವನೇ ಹೇಳಿದ್ದಾನೆ. ನಾನೇ ಎತ್ತೋದು ಮರೆತೆ ಅಂತ."

ಬೇಕರಿಯವನು ಮೂಗು ಒರೆಸಿಕೊಂಡ. "ಅದೇ ನನಗೆ ಅರ್ಥ ಆಗ್ತಿಲ್ಲ. ಅವನು ಆ ಹಿಡಿ ಮುಟ್ಟಿದ್ದು ನಾನು ಒಂದು ದಿನಾನೂ ನೋಡಿಲ್ಲ. ನೀನು ನೋಡಿದ್ದೀಯಾ?"

ಔಷಧಿ ಅಂಗಡಿಯವನು ಇಲ್ಲವೆಂದು ತಲೆಯಾಡಿಸಿದ. ಮಗ ಮೈಯೆಲ್ಲ ಕಿವಿಯಾದ. ಹೊರಗಿದ್ದ ಪೇದೆಯೂ ಒಂದು ಹೆಜ್ಜೆ ಮುಂದಕ್ಕೆ ಬಂದ.

ಅಕ್ಕ ಎದ್ದು ಅಡಿಗೆಮನೆಗೆ ಹೋದಳು.

*

ಅವತ್ತು ಆಸ್ಪತ್ರೆಯಲ್ಲಿ, ಪೇದೆ ಹೇಳಿಕೆ ಕೇಳಿಕೊಂಡು ವಾರ್ಡಿನಿಂದ ಹೋದ ಮೇಲೆ ಅಕ್ಕ ತಮ್ಮನ ಮುಖದ ಹತ್ತಿರ ಬಗ್ಗಿ ಕೇಳಿದ್ದಳು: "ನೀನು ಮರೆತೆಯಾ? ನೀನು ಬಗ್ಗೋದು ಯಾವಾಗ ಕಲಿತೆ?"

ಅವನು ಕಣ್ಣು ಬಿಡಲಿಲ್ಲ.

"ಯಾರೋ ಅದು? ನೀನು ನೋಡಿದ್ದೀಯ. ಔಷಧಿ ಅಂಗಡಿಗೆ ಗಾಜಿನ ಬಾಗಿಲು. ಹೇಳು, ನಾನು ಆ ಮುಖಾನ ಒಂದು ಸಲ ನೋಡ್ಬೇಕು."

"ನೀನು ನೋಡೋ ನೋಟ ನನಗೆ ಗೊತ್ತು ಅಕ್ಕ" ಎಂದ. ಮಾತಿಗೊಮ್ಮೆ ಉಸಿರು ಹುಡುಕುತ್ತಿದ್ದ. "ನೀನು ಸುಳ್ಳು ಹೇಳೋಳಲ್ಲ. ಹೇಳು ಅಂತ ನಾನೂ ಕೇಳಲ್ಲ. ಸುಮ್ಮನಿರು. ಅಷ್ಟೇ."

ಅವಳು ಸುಮ್ಮನಿರುತ್ತೇನೆ ಎಂದು ಅವನ ಕೈ ಹಿಡಿದಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಕಲಿತ ಜೀವ ಅವಳದು. ಗಂಡನ ಮುಂದೆಯೂ ಮಗನ ಮುಂದೆಯೂ ದೇವರ ಮುಂದೆಯೂ ಒಂದೇ ನಾಲಿಗೆ.

*

ಅಡಿಗೆಮನೆಯ ಹಿಂಬಾಗಿಲಲ್ಲಿ ಅವಳಿ ಮಕ್ಕಳ ತಾಯಿ ನಿಂತಿದ್ದಳು. ಒಂದು ಮಗು ಕಂಕುಳಲ್ಲಿ, ಇನ್ನೊಂದು ಅವಳ ಸೆರಗು ಹಿಡಿದು. ಎಷ್ಟು ಹೊತ್ತಿನಿಂದ ಅಲ್ಲಿದ್ದಳೋ. ಕಣ್ಣು ಊದಿಕೊಂಡು ಮುಖವೇ ಬೇರೆಯಾಗಿತ್ತು.

"ಅಕ್ಕ" ಎಂದಳು.

ಅಕ್ಕ ನೀರಿನ ಪಾತ್ರೆಯ ಮೇಲಿನ ಮುಚ್ಚಳ ತೆಗೆದವಳು ಹಾಗೇ ಹಿಡಿದು ನಿಂತಳು. ಕೇಳುವುದೇನೂ ಉಳಿದಿರಲಿಲ್ಲ. ಆದರೂ ಕೇಳಿದಳು.

"ನೀನೇನಾ?"

"ಇವನಿಗೆ ಉಸಿರು ಕಟ್ಟಿತ್ತು ಅಕ್ಕ. ತುಟಿ ಎಲ್ಲ ನೀಲಿ. ಡಾಕ್ಟರ ಹತ್ತಿರ ಓಡ್ತಿದ್ದೆ. ಗಾಡಿ ಅಡ್ಡ ಇತ್ತು. ಒತ್ತಿದೆ, ತಳ್ಳಿದೆ, ಓಡಿದೆ. ಸಂಜೆ ಸುದ್ದಿ ಬಂತು. ಆಗಲೇ ನನಗೆ ಆ ಹಿಡಿ ನೆನಪಾಗಿದ್ದು."

"ಒಂದು ಹಿಡಿ ಮೇಲೆತ್ತೋಕೆ ಎಷ್ಟು ಹೊತ್ತು ಬೇಕೇ?"

ಅಕ್ಕನ ದನಿ ಏರಿರಲಿಲ್ಲ. ಆದರೂ ಸೆರಗು ಹಿಡಿದಿದ್ದ ಮಗು ಅಳಲು ಶುರುಮಾಡಿತು.

"ಹೇಳಿಬಿಡ್ತೀನಿ. ಹೊರಗೆ ಪೊಲೀಸರು ಇದ್ದಾರೆ. ಅಣ್ಣ ನನ್ನನ್ನ ಕಣ್ಣಾರೆ ನೋಡಿದ್ದರು ಅಕ್ಕ. ಗಾಜಿನ ಆ ಕಡೆಯಿಂದ ಹೋಗು ಹೋಗು ಅಂತ ಕೈ ಬೀಸಿದ್ದರು. ಆಮೇಲೆ ತಾವೇ ಮರೆತೆ ಅಂದರಂತಲ್ಲ. ನನಗೆ ಅನ್ನ ಇಳೀತಿಲ್ಲ. ಈ ಮಕ್ಕಳನ್ನ ನೀವು ಒಂದು ದಿನ ಇಟ್ಕೊಂಡರೆ ಸಾಕು, ಆಮೇಲೆ ಅವರಪ್ಪ ಹಡಗಿಂದ ಬರೋವರೆಗೆ ಯಾರಾದರೂ..."

ಎರಡು ದಿನದಿಂದ ಅಕ್ಕ ದೇವರನ್ನು ಬೇಡಿಕೊಂಡದ್ದು ಈ ಒಂದು ಮುಖಕ್ಕಾಗಿ. ಸಿಕ್ಕರೆ ಬಾಯಿ ತುಂಬ ಶಪಿಸಬೇಕೆಂದು ಮಾತುಗಳನ್ನು ಹೆಕ್ಕಿಟ್ಟುಕೊಂಡಿದ್ದಳು. ಮುಖ ಈಗ ಕೈಗೆಟುಕುವಷ್ಟು ಹತ್ತಿರವಿತ್ತು. ಕಂಕುಳ ಮಗು ಕೆಮ್ಮಿತು. ಇನ್ನೂ ಪೂರ್ತಿ ವಾಸಿಯಾಗದ ಕೆಮ್ಮು.

"ಅಮ್ಮ." ಬಾಗಿಲಲ್ಲಿ ಮಗ ನಿಂತಿದ್ದ. ಅವನ ಹಿಂದೆ ಪೇದೆ, ಪೇದೆಯ ಹಿಂದೆ ಬೇಕರಿಯವನು. "ಒಂದೇ ಮಾತು ಕೇಳ್ತೀನಿ. ಮಾವನಿಗೆ ಬಗ್ಗೋಕೆ ಆಗ್ತಿತ್ತಾ?"

ಹೆಂಗಸಿನ ತುಟಿ ಅಲುಗಿತು. ಅಕ್ಕ ಅವಳ ಕಡೆ ತಿರುಗಲಿಲ್ಲ.

"ಅಮ್ಮಾ, ನೀವು ಹೇಳಿದರೆ ಸಾಕು" ಎಂದ ಪೇದೆ. "ಅವರು ಕೊಟ್ಟ ಹೇಳಿಕೆ ಇದೆ. ಆದರೂ ಜನ ಬೇರೆ ಮಾತಾಡ್ತಿದ್ದಾರೆ. ಆ ಹಿಡಿಯನ್ನ ಅವರು ತಾವೇ ಹಾಕಿ ತೆಗೆದು ಮಾಡ್ತಿದ್ದರಾ?"

ಸುಮ್ಮನಿರು ಎಂದಿದ್ದ ತಮ್ಮ. ಸುಮ್ಮನಿದ್ದರೆ ಈಗ ಅದೇ ಉತ್ತರವಾಗುತ್ತದೆ ಎಂದು ಅವನಿಗೆ ಹೊಳೆದಿರಲಿಲ್ಲ. ಅಕ್ಕ ಮುಚ್ಚಳವನ್ನು ಪಾತ್ರೆಯ ಮೇಲೆ ಸರಿಯಾಗಿ ಕೂರಿಸಿದಳು.

"ಬೀದೀಲಿ ಬೇರೆಯವರು ಮಾಡ್ತಿದ್ದರು" ಎಂದಳು. "ಮನೇಲಿ ದಿನಾ ಅವನೇ. ಸೀಟಿಗೆ ಎದೆ ಆನಿಸಿ, ನರಳ್ತಾ ನರಳ್ತಾ ಬಗ್ಗೋನು. ಬೇಡ ಕಣೋ ಅಂದರೂ ಕೇಳ್ತಿರಲಿಲ್ಲ. ನಾನೇ ಕಣ್ಣಾರೆ ನೋಡಿದ್ದೀನಿ. ಅವತ್ತು ಅಲ್ಲೂ ತಾನೇ ಒತ್ತಿ, ಎತ್ತೋದು ಮರೆತಿರಬೇಕು."

ಮಗ ಅವಳ ಮುಖವನ್ನೇ ನೋಡಿದ. ಆಮೇಲೆ ಅವನ ಭುಜಗಳು ಇಳಿದವು.

"ಅಮ್ಮ ಹೇಳಿದ ಮೇಲೆ ಮುಗೀತು" ಎಂದು ಪೇದೆಯ ಕಡೆ ತಿರುಗಿದ. "ನಮ್ಮಮ್ಮ ಸುಳ್ಳು ಹೇಳಿದ್ದು ಈ ಪ್ರಪಂಚದಲ್ಲಿ ಯಾರೂ ಕೇಳಿಲ್ಲ."

"ಅದು ನನಗೂ ಗೊತ್ತು" ಎಂದ ಬೇಕರಿಯವನು. "ಪಾಪ, ಎಷ್ಟು ಹಟ ಅವನಿಗೆ."

ಅವರು ಹೊರಗೆ ಹೋದರು. ಅವಳಿ ಮಕ್ಕಳ ತಾಯಿ ಕುಸಿದು ಅಕ್ಕನ ಪಾದದ ಕಡೆ ಕೈ ಚಾಚಿದಳು. ಅಕ್ಕ ಪಾದ ಹಿಂದಕ್ಕೆ ಎಳೆದುಕೊಂಡಳು.

"ಮುಟ್ಟಬೇಡ. ಅವನು ಕೇಳಿದ್ದನ್ನ ಕೊಟ್ಟೆ. ನಿನಗೆ ಕೊಡೋಕೆ ನನ್ನ ಹತ್ತಿರ ಏನೂ ಇಲ್ಲ. ಮಗೂಗೆ ಬೆಚ್ಚಗೆ ಹೊದಿಸು, ಹೋಗು."

*

ಬೀದಿಯವರೆಲ್ಲ ಸೇರಿ ಹೊತ್ತರು. ಹೆಗಲು ಬದಲಾಯಿಸುತ್ತಾ ರಸ್ತೆಯ ನಟ್ಟನಡುವೆ ನಡೆದರು. ವಾಹನಗಳು ತಾವಾಗಿಯೇ ಬದಿಗೆ ಸರಿದು ನಿಂತವು. ಮಣ್ಣು ಮಾಡುವ ಜಾಗದಲ್ಲಿ ಗುಂಡಿ ಸಿದ್ಧವಾಗಿತ್ತು. ಇಳಿಸಿದರು. ಅಕ್ಕ ಮೊದಲ ಹಿಡಿ ಮಣ್ಣು ಹಾಕಿದಳು, ಮಗ ಹಾಕಿದ, ಬೇಕರಿಯವನು ಹಾಕಿದ. ಒಬ್ಬೊಬ್ಬರಾಗಿ ಎಲ್ಲರೂ ಹಾಕಿ, ಕೈ ಕೊಡವಿ, ಗೇಟಿನ ಕಡೆ ನಡೆದರು. ಬಿಸಿಲು ಇಳಿಯುತ್ತಿತ್ತು.

ಅವಳಿ ಮಕ್ಕಳ ತಾಯಿ ಕೊನೆಯಲ್ಲಿ ಉಳಿದಿದ್ದಳು. ಒಂದು ಮಗುವನ್ನು ಎತ್ತಿಕೊಂಡು, ಇನ್ನೊಂದರ ಕೈ ಹಿಡಿದು, ಹಳೆಯ ಗೋರಿಗಳ ನಡುವಿನ ಸಂದಿಯಲ್ಲಿ ನಿಂತಿದ್ದಳು. ಸಂದಿ ಒಬ್ಬರಿಗಷ್ಟೇ ಸಾಲುವಂಥದ್ದು, ಅದರ ಬಾಯಿಗೆ ಅಕ್ಕ ನಿಂತಿದ್ದಳು. ದಾಟಿ ಬರಲು ಬೇರೆ ದಾರಿ ಇರಲಿಲ್ಲ. ಅವಳು ದಾರಿ ಕೇಳಲಿಲ್ಲ. ಅಕ್ಕನೂ ಅಲುಗಲಿಲ್ಲ. ನಿಂತಿದ್ದ ಮಗು ನೆಲದಿಂದ ಒಂದು ಹೆಂಟೆ ಆರಿಸಿ, ಎಲ್ಲರೂ ಮಾಡಿದಂತೆ ತಾನೂ ಎಸೆಯಬೇಕೆಂದು ಅಮ್ಮನನ್ನು ಮುಂದಕ್ಕೆ ಜಗ್ಗತೊಡಗಿತು.

ಅಕ್ಕ ಪಕ್ಕದ ಕಲ್ಲಿಗೆ ಬೆನ್ನು ಒತ್ತಿ, ಸೀರೆಯ ನಿರಿಗೆಯನ್ನು ಕೈಯಲ್ಲಿ ಹಿಡಿದು, ಸರಿದು ನಿಂತಳು. ಮೂವರೂ ಅವಳನ್ನು ತಾಗದಂತೆ ದಾಟಿ ಹೋದರು. ಅವಳು ಅವರ ಕಡೆ ನೋಡಲಿಲ್ಲ. ಕಣ್ಣು ಮುಚ್ಚಿ, ಗುಂಡಿಯೊಳಗೆ ಮಣ್ಣು ಬೀಳುವ ಸದ್ದು ಕೇಳಿ, ಕೈ ಜೋಡಿಸಿದಳು.

ದೇವರೇ, ನನ್ನ ತಮ್ಮ ನಿನ್ನ ಹತ್ತಿರ ಬರುತ್ತಿದ್ದಾನೆ. ಸುಳ್ಳು ಹೇಳಿ ಬರುತ್ತಿದ್ದಾನೆ, ಅದನ್ನು ಎಣಿಸಬೇಡ. ನನ್ನದನ್ನು ಬೇಕಾದರೆ ಎಣಿಸು. ಅವಳನ್ನು ಕ್ಷಮಿಸು ಎಂದು ಕೇಳಲು ನನ್ನ ನಾಲಿಗೆ ಇನ್ನೂ ಏಳುತ್ತಿಲ್ಲ; ನೀನೇ ನೋಡಿಕೋ. ಅವನ ಬೆನ್ನಿನ ನೋವು ತೆಗೆ. ಅಗಲವಾದ ಜಾಗ ಕೊಡು. ಶಾಂತಿ ಕೊಡು.