ನಿಮ್ಮ ಬದಲು ನಾವು ನಿಲ್ಲುತ್ತೇವೆ

ಸಮಸ್ತ ಬಂಧುಮಿತ್ರರಿಗೂ, ಬೀದಿಯ ಹಿರಿಯರಿಗೂ, ಮಹಡಿ ಮನೆಯ ಬೆಕ್ಕಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ತುದಿಗಾಲಪ್ಪನವರು ಇಂದು ಬೆಳಿಗ್ಗೆ ಕುರ್ಚಿಯ ಮೇಲೆ ಕುಳಿತರು. ಅಂಚಿನಲ್ಲಲ್ಲ, ಪೂರ್ತಿಯಾಗಿ, ಬೆನ್ನು ಆನಿಸಿ. ಒಲೆಯ ಮೇಲಿನ ಹಾಲು ಉಕ್ಕುವ ಮೊದಲೇ ಎದ್ದುಬಿಟ್ಟರು ಎಂಬುದು ಬೇರೆ ಮಾತು.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ. ಆದರೆ ಅದನ್ನು ಕರೆದು ಮುಗಿಸುವಷ್ಟರಲ್ಲಿ ಆಸಾಮಿ ರಸ್ತೆ ದಾಟಿರುತ್ತಾನೆ. ಫ್ಯಾನ್ ರಿಪೇರಿ ಅಂಗಡಿಯಲ್ಲಿದ್ದಾಗ ಫ್ಯಾನಿಗಿಂತ ಜೋರಾಗಿ ಇವನೇ ತಿರುಗುತ್ತಿದ್ದನೆಂದು ಮಾಲೀಕ ಮನೆಗೆ ಕಳಿಸಿದ್ದ. ಈಗ ಹೆಂಡತಿಯ ಚಿಕ್ಕಪ್ಪ ತಮ್ಮ ಗೋದಾಮಿಗೆ ಕಾವಲುಗಾರನಾಗಿ ಬಾ ಎಂದಿದ್ದಾರೆ. ಕಬ್ಬಿಣದ ಕುರ್ಚಿ, ಎದುರಿಗೆ ಗೋಡೆ, ಬೆಳಗಿನಿಂದ ಸಂಜೆಯವರೆಗೆ.

“ಆ ಗೋಡೆ ನೋಡ್ತಾ ಕೂತ್ರೆ ನಂಗೆ ಹುಚ್ಚು ಹಿಡಿಯುತ್ತೆ ಕಣೇ.”

“ಹಾಗಾದ್ರೆ ಸೋಮವಾರದೊಳಗೆ ಬೇರೇನಾದ್ರೂ ತೋರ್ಸಿ. ಇಲ್ದಿದ್ರೆ ಗೋಡೆನೇ ಗತಿ,” ಎಂದಳು ಹೆಂಡತಿ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ.

ತೋರಿಸಲು ಒಂದೇ ದಾರಿಯಿತ್ತು. ನಗರ ಕಚೇರಿಯವರು ತಮ್ಮ ಗೇಟಿನ ಪಕ್ಕ ಖಾಲಿ ಬಿದ್ದಿದ್ದ ಗೂಡಂಗಡಿಯನ್ನು ಹೊಸ ಉದ್ಯಮವೊಂದಕ್ಕೆ ಕೊಡುವುದಾಗಿ ಸಾರಿದ್ದರು. ಉದ್ಯಮದ ಯೋಜನೆ ಬರೆದು ಕಿಟಕಿಯಲ್ಲಿ ಕೊಡಬೇಕು. ಇವತ್ತೇ ಕಡೇ ದಿನ. ತುದಿಗಾಲಪ್ಪನ ತಲೆಯಲ್ಲಿ ಯೋಜನೆ ಸಿದ್ಧವಾಗಿತ್ತು: ಆಸ್ಪತ್ರೆ, ಬ್ಯಾಂಕು, ಕಚೇರಿ, ಎಲ್ಲೇ ಸಾಲಿರಲಿ, ಗಿರಾಕಿಯ ಬದಲು ಕಂಪನಿಯ ಜನ ನಿಲ್ಲುತ್ತಾರೆ.

“ಸಾಲಲ್ಲಿ ನಿಂತೋರಿಗೆ ಸಮಯ ಸಾಲಲ್ಲ. ಸಮಯ ಸಾಲ್ದೋರಿಗೆ ನಾವು ಸಮಯ ಸಾಲ ಕೊಡ್ತೀವಿ. ಹೆಂಗಿದೆ?”

“ಚೆನ್ನಾಗಿದೆ. ನೀವೇ ಒಂದ್ಕಡೆ ನಿಲ್ಲೋರಲ್ಲ, ಊರೋರ ಬದಲು ನಿಲ್ತೀರಾ?”

“ನಾನ್ಯಾಕೆ ನಿಲ್ಲಲಿ? ನಾನು ಮಾಲೀಕ. ಓಡಾಡ್ತೀನಿ.”

“ಮತ್ತೆ ನಿಲ್ಲೋರ್ಯಾರು?”

ಇಬ್ಬರೂ ಒಟ್ಟಿಗೆ ಬಾಗಿಲಲ್ಲಿ ನಿಂತಿದ್ದ ಅತ್ತೆಯ, ಅಂದರೆ ಹೆಂಡತಿಯ ತಾಯಿಯ, ಕಡೆ ತಿರುಗಿದರು. ಅತ್ತೆ ಹುಟ್ಟಾ ನಿಲ್ಲುವವರು. ಎಂಥ ಸಾಲಿನಲ್ಲಿ ಬಿಟ್ಟರೂ ಹಿಂದೆ ಮುಂದೆ ಇರುವವರ ವಂಶಾವಳಿ ಬಿಡಿಸಿಕೊಂಡೇ ಮನೆಗೆ ಬರುವವರು. ಚಪ್ಪಲಿ ಮೆಟ್ಟಿ, ಕೊಡೆ ಹಿಡಿದು ಕಚೇರಿಯ ಸಾಲಿಗೆ ಹೊರಟೇಬಿಟ್ಟರು. ಕಂಪನಿ ಹುಟ್ಟುವ ಮೊದಲೇ ಅದರ ಮೊದಲ ನೌಕರಿ ಭರ್ತಿಯಾಯಿತು.

ಇತ್ತ ಮಾಲೀಕ ಬರೆಯತೊಡಗಿದ. ಮೇಜಿಗೊಂದು ಸುತ್ತು, ಕಾಗದಕ್ಕೊಂದು ವಾಕ್ಯ. ಗಿರಾಕಿಗಳು: ಕಾಲಿದ್ದೂ ಪುರುಸೊತ್ತಿಲ್ಲದವರೆಲ್ಲ. ಪ್ರತಿಸ್ಪರ್ಧಿ: ಜನರ ತಾಳ್ಮೆ, ಅದು ದಿನೇ ದಿನೇ ಕರಗುತ್ತಿರುವುದು ಕಂಪನಿಯ ಪುಣ್ಯ. ಬಂಡವಾಳ: ಅತ್ತೆಯವರ ಗಟ್ಟಿ ಮಂಡಿ. ಎದುರಾಗಬಹುದಾದ ಅಪಾಯ: ನಡುವೆ ಬಾತ್‌ರೂಮು. ಬರೆದ, ಹೊಡೆದುಹಾಕಿದ, ಮನೆಯ ಕಿಟಕಿಯವರೆಗೆ ಹೋಗಿ ಬಂದ, ಪೆನ್ನಿನ ಮುಚ್ಚಳ ಕಚ್ಚಿದ, ಫೋನ್ ಮಾಡಿದ.

“ಅತ್ತೆ, ಎಲ್ಲಿದ್ದೀರಿ?”

“ಸಾಲಲ್ಲೇ ಅಳಿಯಂದ್ರೆ, ಇನ್ನೆಲ್ಲಿರ್ಲಿ?”

“ಮುಂದೆ ಯಾರಿದಾರೆ?”

“ಒಬ್ರು ನಲ್ಲಿ ರಿಪೇರಿಯೋರು. ಪಾಪ, ಅವ್ರ ತಂಗಿಗೆ ಗಂಡನ ಮನೇಲಿ...”

“ತಂಗಿ ಬೇಡ ಅತ್ತೆ! ಸಾಲು ಹೇಳಿ, ಸಾಲು!”

“ಕರಗ್ತಾ ಇದೆ. ಬೇಗ ಬನ್ನಿ.”

ಮಾಲೀಕ ಕಾಗದಗಳನ್ನು ಜೋಡಿಸಿದ. ಯೋಜನೆ ಮುಗಿದಿತ್ತು, ಆದರೂ ಏನೋ ಕಮ್ಮಿ. ಮೇಜಿಗೆ ಮತ್ತೊಂದು ಸುತ್ತು ಹಾಕುವಾಗ ಹೊಳೆಯಿತು: ಪುರಾವೆ! ಕಡೇ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದ: “ಮಾನ್ಯರೇ, ಈ ಅರ್ಜಿಯೇ ನಮ್ಮ ಸೇವೆಗೆ ಸಾಕ್ಷಿ. ಇದಕ್ಕಾಗಿ ನಾನು ಸಾಲಿನಲ್ಲಿ ಒಂದು ಕ್ಷಣವೂ ನಿಂತಿಲ್ಲ. ನಿಂತವರು ನಮ್ಮ ಅತ್ತೆ.” ಕೆಳಗೆ ಬಾಲ ಸುತ್ತಿದ ಸಹಿ.

ಹೆಂಡತಿ ಇಣುಕಿದಳು. “ಅದೊಂದು ಬೇಡ ರೀ. ಕೇಳ್ದೆ ಇರೋದನ್ನ ಯಾಕೆ ಹೇಳ್ತೀರಿ?”

“ನಿಂಗೆ ವ್ಯಾಪಾರ ಗೊತ್ತಾಗಲ್ಲ ಬಿಡು,” ಎಂದವನೇ ಓಡಿದ.

ಕಚೇರಿ ಮುಟ್ಟುವಾಗ ಅತ್ತೆ ಕಿಟಕಿಯ ಎದುರಿಗೇ ಇದ್ದರು. ಮಾಲೀಕ ಪಕ್ಕದಿಂದ ನುಸುಳಿ ಕಾಗದದ ಕಟ್ಟು ಒಳಕ್ಕೆ ತಳ್ಳಿದ. ಗುಮಾಸ್ತ ಆ ಕಚೇರಿಯ ಪದ್ಧತಿಯಂತೆ ಮೊದಲು ಪುಟಪುಟಕ್ಕೂ ಸೀಲು ಒತ್ತಿ, ಆಮೇಲೆ ಓದಲು ಕನ್ನಡಕ ಏರಿಸಿದ. ತಾಳ್ಮೆಯ ಮಾತಿಗೆ ನಕ್ಕ. ಮಂಡಿಯ ಮಾತಿಗೆ ಕನ್ನಡಕದ ಮೇಲಿಂದ ಅತ್ತೆಯನ್ನು ನೋಡಿ ಇನ್ನೂ ನಕ್ಕ. ತುದಿಗಾಲಪ್ಪನ ಹಿಮ್ಮಡಿ ನೆಲ ಬಿಟ್ಟಿತು.

“ಭೇಷ್! ಬೆಳಗಿಂದ ಬಂದಿದ್ರಲ್ಲಿ ಇದೊಂದೇ ಓದೋ ಹಾಗಿರೋದು. ಅಂಗಡಿ ನಿಮ್ದೇ ಅಂದ್ಕೊಳ್ಳಿ.”

ಕಡೇ ಪುಟ ಬಂತು. ನಗು ನಿಂತಿತು. ಗುಮಾಸ್ತ ಗೋಡೆಗೆ ಅಂಟಿಸಿದ್ದ ನಿಯಮಗಳ ಕಡೆ ಪೆನ್ಸಿಲು ತೋರಿಸಿದ.

“ಅರ್ಜಿದಾರರು ಸಾಲಿನಲ್ಲಿ ಖುದ್ದಾಗಿ ನಿಂತಿರತಕ್ಕದ್ದು. ನೀವು ನಿಂತಿಲ್ಲ.”

“ಯಾರು ಹೇಳಿದ್ದು?”

“ನೀವೇ. ಸಹಿ ಸಮೇತ.”

“ಆ ಪುಟ ಹರಿದ್ಬಿಡ್ತೀನಿ ಸಾರ್!”

“ಸೀಲು ಬಿದ್ಮೇಲೆ ಅದು ಕಚೇರಿ ಕಾಗದ. ಹರಿಯೋಕೆ ನೀವ್ಯಾರು?”

“ಬೇರೆ ಬರೆದು ಕೊಡ್ತೀನಿ. ಬೇಕಾದ್ರೆ ನಾನೇ ನಿಲ್ತೀನಿ!”

“ಒಬ್ರಿಗೆ ಒಂದೇ ಅರ್ಜಿ.”

“ಇವರದ್ದಾಗ್ದಿದ್ರೆ ನನ್ ಹೆಸರಿಗೆ ಬರ್ಕೊಳಪ್ಪಾ, ಖುದ್ದಾಗಿ ನಿಂತಿದೀನಲ್ಲ,” ಎಂದರು ಅತ್ತೆ.

“ನಿಂತಿದೀರಿ ತಾಯಿ, ಆದ್ರೆ ಬರೆದಿಲ್ಲ. ಇವ್ರು ಬರೆದಿದಾರೆ, ಆದ್ರೆ ನಿಂತಿಲ್ಲ. ನಾನೇನ್ ಮಾಡ್ಲಿ ಹೇಳಿ?”

ತುದಿಗಾಲಪ್ಪ ಕಿಟಕಿಯ ಸರಳು ಹಿಡಿದ. “ಹೋಗ್ಲಿ, ಯೋಜನೆ ವಾಪಸ್ಸಾದ್ರೂ ಕೊಡಿ. ಬೇರೆ ಊರಲ್ಲಾದ್ರೂ ತೋರಿಸ್ತೀನಿ.”

“ವಾಪಸ್ಸು ಪಕ್ಕದ ಕಿಟಕಿ,” ಎಂದ ಗುಮಾಸ್ತ. ಪಕ್ಕದ ಸಾಲು ಮೆಟ್ಟಿಲಿಳಿದು, ಅಂಗಳ ದಾಟಿ, ಗೇಟಿನಾಚೆ ತಿರುಗಿ ಕಾಣದಾಗಿತ್ತು. “ಅಲ್ಲೂ ಖುದ್ದಾಗಿ.”